ಮೀಟರಿನ ಈಚೆಗೆ ಯಾರ ಹೊಣೆ?

ಕೊಡಗಿನ ಐನ್‌ಮನೆಗಳ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುವ ದೀಪಕ್ಕೆ ಎಣ್ಣೆ ತೀರಿದರೆ ಅದು ಮನೆಮಂದಿಗೆಲ್ಲ ಕೂಡಲೇ ತಿಳಿಯುತ್ತದೆ. ಆದರೆ ಅದೇ ಮನೆಯ ಮರದ ಮುಚ್ಚಿಗೆಯ ಮೇಲೆ ಹಾದುಹೋಗಿರುವ ವಿದ್ಯುತ್ ತಂತಿಯ ಸಂಗತಿ ಹಾಗಲ್ಲ. ಅದರ ಹೊದಿಕೆ ಬಿರಿದಿದ್ದರೂ, ಇಲಿ ಕಡಿದಿದ್ದರೂ ದೀಪವು ಎಂದಿನಂತೆ ಬೆಳಗುತ್ತಲೇ ಇರುತ್ತದೆ. ಅಂಥ ತಂತಿಯನ್ನು ಆಗಾಗ್ಗೆ ಪರೀಕ್ಷಿಸಬೇಕಾದವರು ಯಾರು?

‘ಕರೆಂಟಿನವರು’ ಎಂಬುದು ಬಹುಮಂದಿ ಗೃಹಸ್ಥರ ಉತ್ತರ. ಕೊಡಗಿಗೆ ವಿದ್ಯುತ್ತನ್ನು ಹಂಚುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಕಂಬದಿಂದ ಮೀಟರಿನವರೆಗೆ ಅದರ ಪಾಲನೆ. ಮೀಟರಿನಿಂದ ಈಚೆಗೆ ಇರುವುದೆಲ್ಲ ಮನೆಯವರದು. ಮೀಟರು ನೋಡಲು ಬರುವಾತನು ಅಂಕಿಯನ್ನು ಬರೆದುಕೊಳ್ಳುತ್ತಾನೆಯೇ ಹೊರತು ಮುಚ್ಚಿಗೆಯನ್ನು ಹತ್ತಿ ನೋಡುವುದಿಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಬಳಕೆದಾರರ ವೈರಿಂಗನ್ನು ಐದು ವರ್ಷಕ್ಕೆ ಮೀರದಂತೆ ಒಮ್ಮೆ ಪರೀಕ್ಷಿಸಬೇಕೆಂದು 1956ರ ಭಾರತೀಯ ವಿದ್ಯುತ್ ನಿಯಮಗಳು ವಿಧಿಸಿದವು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ನಿಯಮಾವಳಿಯೂ ಅದೇ ಅವಧಿಯನ್ನು ಉಳಿಸಿಕೊಂಡಿತು. 2023ರ ನಿಯಮಾವಳಿಯ ಪ್ರಕಾರ, ಸರ್ಕಾರವು ಗೊತ್ತುಪಡಿಸಿದ ವೋಲ್ಟೇಜಿನವರೆಗೆ ಮಾಲೀಕ ಅಥವಾ ಸರಬರಾಜುದಾರ ಅಥವಾ ಬಳಕೆದಾರನೇ ಪರೀಕ್ಷೆ ನಡೆಸಿ ಸ್ವತಃ ದೃಢೀಕರಿಸಬೇಕು. ‘ಅಥವಾ’ ಎಂಬ ಈ ಪುಟ್ಟ ಪದದಲ್ಲಿಯೇ ತೊಡಕಿದೆ. ಮೂವರಿಗೆ ಒಪ್ಪಿಸಿದ ಕೆಲಸವನ್ನು ಮತ್ತೊಬ್ಬನು ಮಾಡಿರುವನೆಂದು ಮೂವರೂ ನಂಬಿ ಕುಳಿತರೆ, ಅದು ಮಾಡದೆಯೇ ಉಳಿಯುತ್ತದೆ.

ಹಾಗೆ ಉಳಿದರೆ ಆಗುವುದೇನೆಂಬುದನ್ನು ದೆಹಲಿಯ ಉಪಹಾರ್ ಚಿತ್ರಮಂದಿರ ತೋರಿಸಿತು. 1997ರ ಜೂನ್ 13ರಂದು ಕಟ್ಟಡದ ನೆಲಮಹಡಿಯಲ್ಲಿದ್ದ ಟ್ರಾನ್ಸ್‌ಫಾರ್ಮರಿನಿಂದ ಬೆಂಕಿ ಹೊತ್ತಿ, 59 ಮಂದಿ ಪ್ರಾಣ ಬಿಟ್ಟರು. 2011ರಲ್ಲಿ ಸುಪ್ರೀಂ ಕೋರ್ಟು ಪರಿಹಾರದ ಹೊರೆಯನ್ನು ಹಂಚಿತು: ನೂರರಲ್ಲಿ 85 ಪಾಲು ಚಿತ್ರಮಂದಿರದವರಿಗೆ, 15 ಪಾಲು ವಿದ್ಯುತ್ ಮಂಡಳಿಗೆ. ಸತ್ತವರ ಬಂಧುಗಳಿಗೆ ಈ ಲೆಕ್ಕದಿಂದ ದೊರೆತ ಸಮಾಧಾನವೆಷ್ಟು?

ಕೊಡಗಿನಲ್ಲಿ ಈ ಪ್ರಶ್ನೆ ಇನ್ನಷ್ಟು ಜಟಿಲ. ಐನ್‌ಮನೆಯು ಒಬ್ಬನ ಸ್ವತ್ತಲ್ಲ, ಇಡೀ ಒಕ್ಕದ್ದು. ಅನೇಕ ಮನೆಗಳಿಗೆ ವರ್ಷದ ಬಹುಭಾಗ ಬೀಗ. ಮುಂಗಾರಿನ ತಿಂಗಳುಗಳಲ್ಲಿ ಗೋಡೆಗಳು ನೀರು ಕುಡಿಯುತ್ತವೆ. ಹುತ್ತರಿ ಬಂದಾಗ ಬೆಂಗಳೂರು, ಮೈಸೂರುಗಳಿಂದ ಬಂಧುಗಳೆಲ್ಲ ಕೂಡುತ್ತಾರೆ. ಒಂದೇ ರಾತ್ರಿ ದೀಪ, ಹೀಟರು, ಗೀಸರುಗಳೆಲ್ಲ ನಡೆಯುತ್ತವೆ. 2000 ವ್ಯಾಟಿನ ಒಂದು ಗೀಸರು ಸುಮಾರು 9 ಆಂಪಿಯರ್ ಎಳೆಯುತ್ತದೆ. ನಾಲ್ಕು ಬಲ್ಬುಗಳಿಗೆಂದು ಅಜ್ಜನ ಕಾಲದಲ್ಲಿ ಎಳೆದ ತಂತಿ ಅದನ್ನು ತಾಳೀತೆ?

ಹೋಂಸ್ಟೇಯ ಅತಿಥಿಗೆ ತಾನು ಮಲಗುವ ಕೋಣೆಯ ವೈರಿಂಗನ್ನು ಪರೀಕ್ಷಿಸುವ ದಾರಿಯೇ ಇಲ್ಲ. ಕಾಫಿ ತೋಟದ ಲೈನ್‌ಮನೆಯಲ್ಲಿ ವಾಸಿಸುವ ಕೂಲಿಕಾರನ ಸ್ಥಿತಿಯೂ ಅದೇ. ತೋಟದ ಕಾರ್ಮಿಕರಿಗೆ ಮನೆ ಒದಗಿಸುವ ಹೊಣೆಯನ್ನು 1951ರ ಕಾಯಿದೆ ಮಾಲೀಕನ ಮೇಲೆ ಹೊರಿಸಿತ್ತು. ಮನೆಯನ್ನು ಕೊಟ್ಟವನು ಅದರ ತಂತಿಗೆ ತಾನು ಬಾಧ್ಯನಲ್ಲವೆನ್ನುವುದು ನ್ಯಾಯವಲ್ಲ.

ಮಾಡಬೇಕಾದದ್ದು ಹೆಚ್ಚೇನಲ್ಲ. ಪರವಾನಗಿಯುಳ್ಳ ಕಂಟ್ರಾಕ್ಟರನಿಂದ ತಂತಿಗಳ ಹೊದಿಕೆಯನ್ನು ಮೆಗ್ಗರ್ ಯಂತ್ರದಲ್ಲಿ ಅಳೆಯಿಸುವುದು, ಭೂಸಂಪರ್ಕವನ್ನು ನೋಡಿಸುವುದು, 30 ಮಿಲಿ ಆಂಪಿಯರ್ ಸೋರಿದೊಡನೆ ವಿದ್ಯುತ್ತನ್ನು ಕಡಿಯುವ ಉಪಕರಣವನ್ನು ಹಾಕಿಸಿ, ಅದರ ‘ಟೆಸ್ಟ್’ ಗುಂಡಿಯನ್ನು ಆಗಾಗ್ಗೆ ಒತ್ತಿ ನೋಡುವುದು, ಫ್ಯೂಸು ಹೋದಾಗ ದಪ್ಪ ತಂತಿಯನ್ನು ಸುತ್ತದಿರುವುದು.

ಇವೆಲ್ಲಕ್ಕೂ ಮೊದಲು ಒಬ್ಬರ ಹೆಸರನ್ನು ನಿಶ್ಚಯಿಸಬೇಕು. ಒಕ್ಕದ ಹಿರಿಯನಾದ ಪಟ್ಟೆದಾರನು ಮುಂದಿನ ಕೂಟದಲ್ಲಿ ಈ ಕೆಲಸವನ್ನು ಒಬ್ಬರಿಗೆ ಒಪ್ಪಿಸಲಿ. ನಗರದ ಬಾಡಿಗೆ ಮನೆಯಲ್ಲಿ ಮಾಲೀಕನೂ ಬಾಡಿಗೆದಾರನೂ ಕರಾರಿನಲ್ಲಿಯೇ ಅದನ್ನು ಬರೆದುಕೊಳ್ಳಲಿ. ಪರೀಕ್ಷೆಯಾದ ದಿನವನ್ನೂ ಮಾಡಿಸಿದವರ ಹೆಸರನ್ನೂ ಮೀಟರಿನ ಹಲಗೆಯ ಮೇಲೆ ಬರೆದಿಟ್ಟರೆ, ಮುಂದೆ ಬರುವವರು ಯಾರನ್ನು ಕೇಳಬೇಕೆಂದು ಹುಡುಕಬೇಕಾಗಿಲ್ಲ.