ಯಾರ ಭದ್ರಕೋಟೆಯೂ ಅಲ್ಲದ ನಮ್ಮ ತಾಲ್ಲೂಕು

ಚುನಾವಣೆ ಹತ್ತಿರ ಬಂದರೆ ಸಾಕು, ಟಿ.ವಿ. ಚರ್ಚೆಗಳಲ್ಲಿ ‘ಇದು ಆ ಪಕ್ಷದ ಭದ್ರಕೋಟೆ’ ಎಂಬ ಮಾತು ಶುರುವಾಗುತ್ತದೆ. ನಾನು ನಂಜನಗೂಡು ತಾಲ್ಲೂಕಿನ ಬಿ.ಇ. ವಿದ್ಯಾರ್ಥಿ. ನಮ್ಮ ತಾಲ್ಲೂಕಿನ ಮತ್ತು ಪಕ್ಕದ ತಿ. ನರಸೀಪುರದ ಫಲಿತಾಂಶಗಳನ್ನು ಸಾಲಾಗಿ ಬರೆದು ನೋಡಿದರೆ ಈ ಮಾತು ನಿಲ್ಲುವುದಿಲ್ಲ.

ನಂಜನಗೂಡಿನಲ್ಲಿ 2013ರಲ್ಲಿ ಕಾಂಗ್ರೆಸ್‌ನ ವಿ. ಶ್ರೀನಿವಾಸಪ್ರಸಾದ್ ಅವರು ಜೆಡಿಎಸ್‌ನ ಕಳಲೆ ಕೇಶವಮೂರ್ತಿ ಅವರನ್ನು ಸೋಲಿಸಿದರು. 2017ರ ಉಪಚುನಾವಣೆಯಲ್ಲಿ ಇದೇ ಇಬ್ಬರು ಮತ್ತೆ ಎದುರಾದರು, ಪಕ್ಷಗಳು ಮಾತ್ರ ಬದಲಾಗಿದ್ದವು. ಪ್ರಸಾದ್ ಬಿಜೆಪಿಯಲ್ಲಿದ್ದರು, ಕೇಶವಮೂರ್ತಿ ಕಾಂಗ್ರೆಸ್‌ನಲ್ಲಿ. ಈ ಬಾರಿ ಕೇಶವಮೂರ್ತಿ 21,334 ಮತಗಳಿಂದ ಗೆದ್ದರು. ಹಾಗಾದರೆ ಜನ ವ್ಯಕ್ತಿಯನ್ನಲ್ಲ, ಪಕ್ಷವನ್ನು ನೋಡುತ್ತಾರೆಯೇ? ಅದೂ ಅಲ್ಲ. ಮರುವರ್ಷವೇ ಬಿಜೆಪಿಯ ಬಿ. ಹರ್ಷವರ್ಧನ್ ಅವರು ಕೇಶವಮೂರ್ತಿ ಅವರನ್ನು ಸೋಲಿಸಿದರು. 2023ರಲ್ಲಿ ಹರ್ಷವರ್ಧನ್ ಅವರು ಕಾಂಗ್ರೆಸ್‌ನ ದರ್ಶನ್ ಧ್ರುವನಾರಾಯಣ ಎದುರು 47 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು.

ತಿ. ನರಸೀಪುರದಲ್ಲಿ ಎಚ್.ಸಿ. ಮಹದೇವಪ್ಪ 2013ರಲ್ಲಿ ಗೆದ್ದದ್ದು ಕೇವಲ 323 ಮತಗಳಿಂದ. ಐದು ವರ್ಷ ಲೋಕೋಪಯೋಗಿ ಸಚಿವರಾಗಿದ್ದೂ 2018ರಲ್ಲಿ ಜೆಡಿಎಸ್‌ನ ಅಶ್ವಿನ್ ಕುಮಾರ್ ಎದುರು ದೊಡ್ಡ ಅಂತರದಲ್ಲಿ ಸೋತರು. 2023ರಲ್ಲಿ ಅದೇ ಜನ ಅವರನ್ನು ಮತ್ತೆ ಗೆಲ್ಲಿಸಿದರು.

ಎರಡೂ ತಾಲ್ಲೂಕುಗಳು ಸೇರಿರುವ ಚಾಮರಾಜನಗರ ಲೋಕಸಭಾ ಕ್ಷೇತ್ರದ ಕಥೆಯೂ ಹೀಗೆಯೇ. 2019ರಲ್ಲಿ ಬಿಜೆಪಿ 1,817 ಮತಗಳಿಂದ ಗೆದ್ದರೆ, 2024ರಲ್ಲಿ ಕಾಂಗ್ರೆಸ್ 1.88 ಲಕ್ಷ ಮತಗಳಿಂದ ಗೆದ್ದಿತು. ಇದೇ ಸೀಮೆಯ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ!

ಅಂದರೆ ಇಲ್ಲಿನ ಮತದಾರ ಪ್ರತಿ ಸಲವೂ ಹೊಸದಾಗಿ ಲೆಕ್ಕ ಹಾಕುತ್ತಾನೆ. ಸಂತೋಷದ ವಿಷಯ. ಆದರೆ ಆಯ್ಕೆಗೆ ಸಿಗುವ ಹೆಸರುಗಳನ್ನು ಗಮನಿಸಿ. ಹರ್ಷವರ್ಧನ್ ಅವರು ಪ್ರಸಾದ್ ಅವರ ಅಳಿಯ. ದರ್ಶನ್ ಅವರು ಧ್ರುವನಾರಾಯಣ ಅವರ ಮಗ. ಈಗಿನ ಸಂಸದ ಸುನಿಲ್ ಬೋಸ್ ಅವರು ಮಹದೇವಪ್ಪ ಅವರ ಮಗ. ಪಕ್ಕದ ವರುಣದಲ್ಲೂ 2018ರಲ್ಲಿ ಸಿದ್ದರಾಮಯ್ಯ ಅವರ ಕ್ಷೇತ್ರ ಮಗ ಯತೀಂದ್ರ ಅವರಿಗೆ ಬಂತು. ಇವರು ಅಸಮರ್ಥರೆಂದು ನಾನು ಹೇಳುತ್ತಿಲ್ಲ, ಗೆಲ್ಲಿಸಿದ್ದು ಜನರೇ. ಆದರೆ ಪಕ್ಷ ಬದಲಿಸುವ ಸ್ವಾತಂತ್ರ್ಯ ನಮಗಿದೆ, ಹೊಸ ಮನೆಯ ಹೆಸರನ್ನು ಆರಿಸುವ ಅವಕಾಶ ಕಡಿಮೆ.

ನಂಜನಗೂಡು, ತಿ. ನರಸೀಪುರ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರಗಳು. ಮನೆಯಲ್ಲಿ ಮೊದಲ ಬಾರಿ ಪದವಿ ಪಡೆದ ಒಬ್ಬ ದಲಿತ ಯುವಕನೋ ಯುವತಿಯೋ ಇಲ್ಲಿ ಶಾಸಕರಾಗಬೇಕಾದರೆ ಮೊದಲ ಮೆಟ್ಟಿಲು ಯಾವುದು? ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ. 2016ರಲ್ಲಿ ಆಯ್ಕೆಯಾದ ಆ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಳೇ ಕಳೆದರೂ ಚುನಾವಣೆ ಮುಂದಕ್ಕೆ ಹೋಗುತ್ತಲೇ ಇತ್ತು. ಮೆಟ್ಟಿಲನ್ನೇ ತೆಗೆದುಬಿಟ್ಟರೆ ಅಟ್ಟ ಹತ್ತುವವರು ಅಪ್ಪನ ಹೆಗಲೇರಿದವರು ಮಾತ್ರ.

ಕೆಲಸ ಹುಡುಕುತ್ತಾ ಬೆಂಗಳೂರು ಸೇರಿದ ಗೆಳೆಯರು ‘ನನ್ನೊಬ್ಬನ ಮತದಿಂದ ಏನಾಗುತ್ತೆ’ ಎಂದು ಮತದಾನದ ದಿನ ಊರಿಗೆ ಬರುವುದಿಲ್ಲ. 323 ಜನ ಎಂದರೆ ಆರೇಳು ಬಸ್ಸಿನ ಪ್ರಯಾಣಿಕರು ಅಷ್ಟೇ. ಬನ್ನಿ, ಮತ ಹಾಕೋಣ. ಮತ ಕೇಳಲು ಬಂದವರನ್ನು ಉದ್ಯೋಗದ ಜೊತೆಗೆ ಇದನ್ನೂ ಕೇಳೋಣ: ಪಂಚಾಯಿತಿ ಚುನಾವಣೆಗಳನ್ನು ಸಮಯಕ್ಕೆ ಸರಿಯಾಗಿ ನಡೆಸುತ್ತೀರಾ?