ಬೀಗದ ಕೈ ನಮ್ಮಲ್ಲೇ ಇರಲಿ

ಹೆಂಗಸರ ಕೈಗೆ ಕಂಪ್ಯೂಟರು, ಮೊಬೈಲು ಕೊಟ್ಟರೆ ವೈರಸ್ ಬರುತ್ತದೆ ಎಂದು ನಮ್ಮ ವಳ್ಳೂರಿನಲ್ಲಿ ನಗುವವರುಂಟು. ಈ ಮಾತನ್ನು ನಾನು ಒಪ್ಪಲಾರೆ. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ಎಂಬ ಪತ್ರವೊಂದು ಜಗತ್ತಿನ ದೊಡ್ಡ ದೊಡ್ಡ ಕಚೇರಿಗಳ ಕಂಪ್ಯೂಟರುಗಳನ್ನು ಕೆಡಿಸಿತು. ಅದನ್ನು ತೆರೆದವರೇನು ಹಳ್ಳಿಯ ಹೆಂಗಸರೇ? 2017ರ ಮೇನಲ್ಲಿ ‘ವಾನ್ನಾಕ್ರೈ’ ಇಂಗ್ಲೆಂಡಿನ ಆಸ್ಪತ್ರೆಗಳ ಕಡತಗಳಿಗೂ ಬೀಗ ಜಡಿದು ಹಣ ಕೇಳಿತು. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚಿಯಲ್ಲೇ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಇದು ಗಂಡು ಹೆಣ್ಣಿನ ಮಾತಲ್ಲ, ಅಸಡ್ಡೆಯ ಮಾತು.

ಅಪಾಯವಿಲ್ಲವೆಂದಲ್ಲ. ಈಗ ಮದುವೆ ಕರೆಯೋಲೆಯ ವೇಷದಲ್ಲಿ ವಾಟ್ಸಾಪಿಗೆ ‘ಎಪಿಕೆ’ ಕಡತ ಬರುತ್ತದೆ. ಅದನ್ನು ಹಾಕಿಕೊಂಡು, ಕೇಳಿದ್ದಕ್ಕೆಲ್ಲ ಅನುಮತಿ ಕೊಟ್ಟರೆ ಬ್ಯಾಂಕಿನ ಓಟಿಪಿ ಕಳ್ಳನ ಪಾಲು. ಕರೆಯೋಲೆ ಓದುವುದಕ್ಕೆ ಆ್ಯಪ್ ಬೇಕಿಲ್ಲ ಎಂದು ತಿಳಿಯಲು ಇಂಜಿನಿಯರಿಂಗ್ ಓದಬೇಕೆ? ಪೊಲೀಸ್ ವೇಷದವನು ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುತ್ತಾನೆ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ.

ಕಳ್ಳನ ದೊಡ್ಡ ಬಂಡವಾಳ ನಮ್ಮ ಅಜ್ಞಾನವಲ್ಲ, ನಮ್ಮ ಭಯ. ಬೈದರೆ ಮಗು ತಪ್ಪನ್ನು ಮುಚ್ಚಿಡುತ್ತದೆಯೇ ಹೊರತು ತಿದ್ದಿಕೊಳ್ಳುವುದಿಲ್ಲ. ಇಷ್ಟು ವರ್ಷ ಪಾಠ ಹೇಳಿ ನಾನು ಕಲಿತದ್ದು ಇದು. ಮೋಸಹೋದ ಸೊಸೆಯೂ ಹಾಗೆಯೇ. ತಕ್ಷಣ 1930ಕ್ಕೆ ಫೋನ್ ಮಾಡಿದರೆ ಹಣ ತಡೆಹಿಡಿಯುವ ಅವಕಾಶವುಂಟು. ಬೈಗುಳಕ್ಕೆ ಅಂಜಿ ಎರಡು ದಿನ ಬಾಯಿ ಮುಚ್ಚಿದರೆ ಅದು ಹತ್ತು ಖಾತೆ ದಾಟಿರುತ್ತದೆ. ಆ ಎರಡು ದಿನವನ್ನು ಕಳ್ಳನಿಗೆ ಕೊಟ್ಟವರು ಬೈಯುವ ಮನೆಯವರಲ್ಲವೇ?

ನಮ್ಮ ಪಾಸ್‌ವರ್ಡ್ ಮಗನ ಬಳಿ, ಅಪ್‌ಡೇಟ್ ಅಳಿಯನ ಬಳಿ ಇದ್ದದ್ದು ಸಾಕು. ಅಕ್ಕತಂಗಿಯರೇ, ನೀವೇ ಕಲಿಯಿರಿ. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆ ಕಾದವರಿಗೆ ಇದೇನು ಹೊಸ ಕೆಲಸವಲ್ಲ.