ಸಂಬಳ ನಿಂತ ಮೇಲೆ ಗಿರಾಕಿ ಎಲ್ಲಿ?

ತಿಂಗಳಾದರೆ ಸಂಬಳ ಎಣಿಸಿ ರೂಢಿಯಾದವರಿಗೆ ಕೆಲಸ ಮಾಡುವುದು ಗೊತ್ತು, ಕೆಲಸ ಕೇಳುವುದು ಗೊತ್ತಿರುವುದಿಲ್ಲ. ಲೆಕ್ಕಪತ್ರ ಬರೆಯುವವರಿರಲಿ, ಅನುವಾದಕರಿರಲಿ, ಪುಟ ವಿನ್ಯಾಸ ಮಾಡುವವರಿರಲಿ, ನೌಕರಿ ಬಿಟ್ಟು ಸ್ವತಂತ್ರವಾಗಿ ದುಡಿಯಲು ಹೊರಟವರು ಮೊದಲು ಮಾಡುವುದು ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಸುವ ಕೆಲಸ. ಅದನ್ನು ನೆಂಟರಿಷ್ಟರಿಗೆಲ್ಲ ಹಂಚಿ ಫೋನಿಗಾಗಿ ಕಾಯುತ್ತಾರೆ. ಫೋನ್ ಬರುತ್ತದೆ, 'ಬೇರೆ ಕೆಲಸ ಸಿಕ್ಕಿತೇನಪ್ಪಾ?' ಎಂದು!

ಆಪ್ತರಿಗೆ ಅಕ್ಕರೆಯಿಲ್ಲವೆಂದಲ್ಲ. ಅವರಿಗೆ ಗೊತ್ತಿರುವವರೆಲ್ಲ ಇವನಿಗೂ ಗೊತ್ತು, ಅಷ್ಟೇ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಬಾಸ್ಟನ್ ಬಳಿಯ ನ್ಯೂಟನ್‌ನಲ್ಲಿ, ಪರಿಚಿತರ ಮೂಲಕ ಹೊಸ ನೌಕರಿ ಹಿಡಿದವರನ್ನು ವಿಚಾರಿಸಿ 1973ರಲ್ಲಿ ಒಂದು ಲೇಖನ ಪ್ರಕಟಿಸಿದರು. ಸುಳಿವು ಕೊಟ್ಟವರನ್ನು ಆಗಾಗ ಭೇಟಿಯಾಗುತ್ತಿದ್ದವರು ನೂರಕ್ಕೆ 17 ಮಂದಿ ಮಾತ್ರ. ಉಳಿದವರಿಗೆ ನೆರವಾದವರು ಎಂದೋ ಒಮ್ಮೆ ಎದುರಾಗುವವರು. ಅದು ನೌಕರಿಯ ಲೆಕ್ಕ ನಿಜ, ಗಿರಾಕಿಯ ವಿಷಯದಲ್ಲೂ ದಾರಿ ಹೆಚ್ಚುಕಡಿಮೆ ಅದೇ. ಹಿಂದೆ ಪಕ್ಕದ ಮೇಜಿನಲ್ಲಿದ್ದು ಬೇರೆ ಕಂಪನಿ ಸೇರಿದವರು, ಬಿಲ್ ಹಿಡಿದು ಬರುತ್ತಿದ್ದ ಮುದ್ರಣಾಲಯದವರು, ಇಂಥವರ ಪಟ್ಟಿ ಮಾಡಬೇಕು. ಅದೂ ರಾಜೀನಾಮೆ ಕೊಡುವ ಮೊದಲೇ. 'ಏನಾದರೂ ಕೆಲಸವಿದ್ದರೆ ಹೇಳಿ' ಎಂದರೆ ಯಾರಿಗೂ ನೆನಪುಳಿಯದು. 'ನಿಮ್ಮ ವಾರ್ಷಿಕ ವರದಿಯನ್ನು ವಾರದೊಳಗೆ ಕನ್ನಡಕ್ಕೆ ಮಾಡಿಕೊಡುತ್ತೇನೆ' ಎಂದರೆ ಉಳಿಯುತ್ತದೆ.

ನೇಮಕಾತಿ ಪತ್ರವನ್ನು ಒಮ್ಮೆ ತೆಗೆದು ಓದುವುದೂ ಒಳ್ಳೆಯದು. ನೌಕರಿಯಲ್ಲಿದ್ದಾಗ ಹೊರಗಿನ ಕೆಲಸ ಕೂಡದೆಂದಿದ್ದರೆ ಕೂಡದು. ಬಿಟ್ಟ ಮೇಲೂ ಅದೇ ವೃತ್ತಿ ಮಾಡಬಾರದೆಂಬ ಷರತ್ತು ಮಾತ್ರ 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಹಾಗೆಂದು ಕಂಪನಿಯ ಗಿರಾಕಿಗಳ ಪಟ್ಟಿಯನ್ನೇ ಕಂಕುಳಲ್ಲಿಟ್ಟುಕೊಂಡು ಹೊರಟರೆ ಅದು ಬೇರೆಯೇ ಕಥೆ.

ಎಷ್ಟೋ ಸಲ ಹಳೆಯ ಮಾಲೀಕನೇ ಮೊದಲ ಗಿರಾಕಿಯಾಗುತ್ತಾನೆ. ಸಂತೋಷವೇ. ಆದರೆ ದರ ಹೇಳುವಾಗ ಹಳೆಯ ಸಂಬಳವನ್ನು ಮೂವತ್ತರಿಂದ ಭಾಗಿಸಿ ಹೇಳಿದರೆ ಕೆಟ್ಟಂತೆ. ರಜೆ, ಮಾಲೀಕ ಕಟ್ಟುತ್ತಿದ್ದ ಭವಿಷ್ಯ ನಿಧಿಯ ಪಾಲು, ಕರೆಂಟು ಬಿಲ್, ಕೆಲಸವೇ ಇಲ್ಲದ ದಿನಗಳು, ಎಲ್ಲವೂ ಇನ್ನು ತನ್ನ ತಲೆಗೇ. ಅವನೊಬ್ಬನನ್ನೇ ನೆಚ್ಚಿ ಕುಳಿತರಂತೂ ಅದು ಬೋನಸ್ಸಿಲ್ಲದ ಹಳೆಯ ನೌಕರಿಯೇ.

ಇನ್ನು ಹಣದ ವಸೂಲಿ. ಉದ್ಯಮ್ ನೋಂದಣಿ ಮಾಡಿಸಿಕೊಂಡ ಸಣ್ಣ ಸೇವಾದಾರರಿಗೆ 2006ರ ಕಾಯ್ದೆಯ ಬೆಂಬಲವಿದೆ. ಕೆಲಸ ಒಪ್ಪಿಕೊಂಡ ಗಿರಾಕಿ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಕಾಯ್ದೆಯ ಮಾತೆತ್ತಿದರೆ ಗಿರಾಕಿ ಮತ್ತೆ ಬಂದಾನೆಯೇ ಎಂಬ ಅಳುಕಿಗೆ ಅನೇಕರು ಬಾಯಿ ಬಿಡುವುದಿಲ್ಲ. ನಾಲ್ಕು ಗಿರಾಕಿಗಳಿರುವವರು ಒಮ್ಮೆಯಾದರೂ ಕೇಳಿಯಾರು. ಒಬ್ಬನೇ ಇರುವವರು ಹಬ್ಬಕ್ಕೆ ಶುಭಾಶಯ ಕಳಿಸಿ, ಬಿಲ್ಲಿನ ವಿಷಯ ಕೊನೆಯ ಸಾಲಿನಲ್ಲಿ ಸೇರಿಸುತ್ತಾರೆ.